ಅಣ್ಣನ ರಿವಾಲ್ವರಿಗೆ ನಾನು ವಕೀಲಳಾದದ್ದು

ನನಗೆ ಬಂದೂಕು ಕಂಡರೆ ಆಗುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಹಳೆಯ ಬಂದೂಕು ಹಿಡಿದು ತೂಕಡಿಸುವ ಕಾವಲುಗಾರನ ಮುಂದೆ ಹಾದುಹೋಗುವಾಗಲೂ ಮೈ ಸರಿಸಿಕೊಂಡೇ ಹೋಗುತ್ತೇನೆ. ಇಂಥವಳು ಒಂದು ರಿವಾಲ್ವರಿನ ಪರವಾಗಿ ಎರಡು ಸಲ ಅರ್ಜಿ ಬರೆದು, ವಾದ ಮಾಡಿ, ಎರಡು ಸಲವೂ ಗೆದ್ದಿದ್ದೇನೆ. ಅದು ನನ್ನ ಅಣ್ಣನ ರಿವಾಲ್ವರು.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಮುಂಬಯಿಗೆ ಬಂದು ಘಾಟ್ಕೋಪರಿನಲ್ಲಿ ಸಣ್ಣದೊಂದು ಬೆಳ್ಳಿಬಂಗಾರದ ಅಂಗಡಿ ಇಟ್ಟರು. ಅವರ ನಂತರ ಅದು ಅಣ್ಣನಿಗೆ ಬಂತು. ನಾನು ಕಾನೂನು ಓದಿ, ದಾದರ್ ಸ್ಟೇಷನ್ನಿನ ಹತ್ತಿರ ಇನ್ನೊಬ್ಬ ವಕೀಲೆಯ ಜೊತೆ ಒಂದು ಕೋಣೆ ಹಂಚಿಕೊಂಡು ಕೂತೆ. ನನ್ನ ಕೆಲಸ ಬಹುಪಾಲು ಪೊಲೀಸರ ಆದೇಶಗಳ ವಿರುದ್ಧ. ಕಾರಣ ಹೇಳದೆ ಹಿಡಿದವರು, ನೋಟಿಸು ಕೊಡದೆ ಗುಡಿಸಲು ಕಿತ್ತವರು, ಊರು ಬಿಟ್ಟು ಹೋಗು ಎಂದು ತಡೀಪಾರು ಮಾಡಿದವರು, ಇವರ ಜೊತೆ ಜಗಳವಾಡುವುದು. ಅದರಲ್ಲಿ ದುಡ್ಡಿಲ್ಲ. ಕಾಲು ಕೆರೆದು ಜಗಳಕ್ಕೆ ಹೋಗುವ ಸ್ವಭಾವಕ್ಕೆ ಮಾತ್ರ ಚೆನ್ನಾಗಿ ಹೊಂದಿಕೊಂಡಿತು.

ಕೆಲವು ವರ್ಷಗಳ ಹಿಂದೆ ಅಣ್ಣನಿಗೆ ಹಫ್ತಾ ಕೇಳಿ ಫೋನು ಬಂತು. ಕೊಡದಿದ್ದರೆ ಅಂಗಡಿಯಲ್ಲೇ ಮುಗಿಸುತ್ತೇವೆ ಎಂದರಂತೆ. ಫೋನು ಮಾಡಿದವರು ಸಿಗಲಿಲ್ಲ. ಅದೇ ಮಳೆಗಾಲದಲ್ಲಿ ಪಕ್ಕದ ಗಲ್ಲಿಯ ಇನ್ನೊಬ್ಬ ಬಂಗಾರದ ಅಂಗಡಿಯವರಿಗೆ ಯಾರೋ ಚಾಕು ಹಾಕಿದರು. ಅಣ್ಣ ಓಡಾಡಿ ಪರವಾನಗಿ ಮಾಡಿಸಿ ಒಂದು ರಿವಾಲ್ವರು ತಂದ. ಹಗಲು ಅದು ಗಲ್ಲಾಪೆಟ್ಟಿಗೆಯ ಹಿಂದೆ ಇರುತ್ತಿತ್ತು, ರಾತ್ರಿ ಅವನ ದಿಂಬಿನ ಪಕ್ಕದ ಖಾನೆಯಲ್ಲಿ. ಆಗ ನಾನು ಅವನ ತಲೆ ತಿಂದೆ. ಬೇಡ, ಮನೆಯಲ್ಲಿ ಮಗಳಿದ್ದಾಳೆ, ಇದರಿಂದ ಕಳ್ಳರಿಗಿಂತ ಮನೆಯವರಿಗೇ ಅಪಾಯ ಎಂದೆ. ಅವನು ಕೇಳಲಿಲ್ಲ. ಹೆದರಿದವನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂದು ಬಿಟ್ಟೆ.

ಅಣ್ಣನ ಹೆಂಡತಿ, ನನ್ನ ವೈನಿ, ಬಾಯಿ ಬಿಟ್ಟು ಬೇಡ ಎಂದದ್ದನ್ನು ನಾನು ಕೇಳಿಲ್ಲ. ಅವಳ ವಿರೋಧವೆಲ್ಲ ತಮಾಷೆಯಲ್ಲಿ ಇರುತ್ತಿತ್ತು. ಚುನಾವಣೆ ಬಂದಾಗ ಪರವಾನಗಿ ಇರುವವರೆಲ್ಲ ತಮ್ಮ ಬಂದೂಕು ರಿವಾಲ್ವರುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಫಲಿತಾಂಶವೆಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಣ್ಣನೂ ಒಯ್ದು ಕೊಟ್ಟು ಮುಖ ಗಂಟಿಕ್ಕಿಕೊಂಡು ಬರುತ್ತಿದ್ದ. ವೈನಿ ಅಂಥ ದಿನಗಳಲ್ಲಿ ನನ್ನ ಮುಂದೆ ರೊಟ್ಟಿ ತಟ್ಟುತ್ತ ನಗುತ್ತಿದ್ದಳು.

"ಎಲೆಕ್ಷನ್ ಬಂತಂದ್ರ ನನಗ ಛಲೋ ನಿದ್ದಿ ಬರತೈತಿ ನೋಡ್ರಿ ವಕೀಲ್ರ."

ನಾನೂ ನಗುತ್ತಿದ್ದೆ. ಅವಳು ನನ್ನನ್ನು ವಕೀಲ್ರ ಎಂದು ಕರೆಯುತ್ತಿದ್ದದ್ದೇ ಚುಡಾಯಿಸಲು. ಹಾಗಾಗಿ ಅವಳ ಮಾತನ್ನೆಲ್ಲ ಆ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದೆ.

ಒಂದು ವರ್ಷ ಚುನಾವಣೆಯೂ ದಸರೆಯೂ ಒಟ್ಟಿಗೆ ಬಂದವು. ಎಲ್ಲರೂ ಆಯುಧ ಒಪ್ಪಿಸಬೇಕೆಂದು ಠಾಣೆಯಿಂದ ಕರೆ ಬಂತು. ಅಣ್ಣ ಅವತ್ತೇ ದಾದರಿನ ನನ್ನ ಕೋಣೆಗೆ ಬಂದ. ಹಬ್ಬದ ಮುಂದೆ ಅಂಗಡಿಯ ತುಂಬ ಮಾಲು ಇರುತ್ತದೆ, ಈಗಲೇ ಅದನ್ನು ಕಸಿದುಕೊಂಡರೆ ಹೇಗೆ ಎಂದ. ಅದರ ಮೇಲೆ ಆಯುಧಪೂಜೆಯ ಖಂಡೇನವಮಿ. ಆ ದಿನ ನಮ್ಮ ಮನೆಯಲ್ಲಿ ತಕ್ಕಡಿ, ತೂಕದ ಬಟ್ಟು, ಒರೆಗಲ್ಲು, ಚಿಮುಟ, ಈಳಿಗೆ ಎಲ್ಲವನ್ನೂ ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ ಇಟ್ಟು ಪೂಜೆ ಮಾಡುತ್ತೇವೆ. ರಿವಾಲ್ವರು ಬಂದ ಮೇಲೆ ಅದಕ್ಕೂ ನಡುವೆ ಜಾಗ ಸಿಕ್ಕಿತ್ತು. ನವಮಿಯ ದಿನ ಮನೆಯ ಆಯುಧ ಠಾಣೆಯ ಕಪಾಟಿನಲ್ಲಿ ಬಿದ್ದಿರುವುದು ಅವನಿಗೆ ಅಪಶಕುನವಾಗಿ ಕಂಡಿತು.

ಇದಕ್ಕೆ ನನ್ನ ಹತ್ತಿರ ಯಾಕೆ ಬಂದೆ ಎಂದು ರೇಗಿದೆ. ಅವನು ನನ್ನ ಮೇಜಿನ ಮೇಲಿದ್ದ ಕಡತವನ್ನು ಬೆರಳಿನಿಂದ ತಟ್ಟಿದ. ಅದು ಕಾಂದಿವಲಿಯ ಚಾಳಿನ ಒಬ್ಬ ರಿಕ್ಷಾ ಚಾಲಕನದು. ಚುನಾವಣೆಯಲ್ಲಿ ಗಲಾಟೆ ಮಾಡಬಹುದು ಎಂಬ ಒಂದೇ ಮಾತಿನ ಮೇಲೆ ಅವನನ್ನೂ ಇನ್ನೂ ಹಲವರನ್ನೂ ಒಟ್ಟಿಗೇ ತಡೀಪಾರು ಮಾಡಿದ್ದರು. ಪ್ರತಿಯೊಬ್ಬನನ್ನೂ ಬೇರೆ ಬೇರೆ ವಿಚಾರಿಸಿ, ಕಾರಣ ಕೊಟ್ಟು ಆದೇಶ ಮಾಡಬೇಕು ಎಂದು ಆ ವಾರವಿಡೀ ನಾನು ಗಂಟಲು ಹರಿದುಕೊಂಡಿದ್ದೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತಾಡಿದ್ದೆ.

"ಕಂಡವರ ಹಕ್ಕಿನ ಸಲುವಾಗಿ ಕೋರ್ಟಿನ ಮೆಟ್ಟಲಾ ಸವಸ್ತಿ" ಎಂದ ಅಣ್ಣ. "ನಿನ್ನ ಅಣ್ಣಗ ಅಷ್ಟ ಕಾಯ್ದೆ ಇಲ್ಲೇನು?"

ಈ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ನಮ್ಮ ದೇಶದಲ್ಲಿ ರಿವಾಲ್ವರು ಇಟ್ಟುಕೊಳ್ಳುವುದು ಯಾರ ಮೂಲಭೂತ ಹಕ್ಕೂ ಅಲ್ಲ. ಸರ್ಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಕೊಟ್ಟದ್ದನ್ನು ಕಾರಣ ಹೇಳದೆ ಕಸಿದುಕೊಳ್ಳಬಾರದು, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಬಾರದು ಎಂಬುದು ಹಕ್ಕು. ಅದು ಸಂವಿಧಾನ ಎಲ್ಲರಿಗೂ ಕೊಟ್ಟದ್ದು, ನನಗೆ ಇಷ್ಟವಾದವರಿಗೆ ಮಾತ್ರ ಕೊಟ್ಟದ್ದಲ್ಲ. ರಿಕ್ಷಾದವನಿಗೆ ಹೇಳಿದ್ದನ್ನು ಅಣ್ಣನಿಗೆ ಇಲ್ಲ ಎಂದರೆ ನಾನು ವಾದಿಸುತ್ತಿದ್ದದ್ದು ಹಕ್ಕಿನ ಪರವಲ್ಲ, ನನ್ನ ಅಭಿರುಚಿಯ ಪರ ಎಂದಾಗುತ್ತಿತ್ತು. ಕೋಣೆ ಹಂಚಿಕೊಂಡ ಗೆಳತಿ ನಕ್ಕಳು. ಅಷ್ಟು ತತ್ವನಿಷ್ಠೆ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಮರಾಠಿಯಲ್ಲಿ ಹೇಳಿ ಚಹಾ ತರಿಸಿದಳು.

ಅರ್ಜಿ ಬರೆದೆ. ಅಣ್ಣನ ಮೇಲೆ ಒಂದೂ ಕೇಸಿಲ್ಲ, ಅವನಿಗೆ ಬೆದರಿಕೆ ಬಂದದ್ದಕ್ಕೆ ದೂರು ದಾಖಲಾಗಿದೆ, ಅವನ ವಿಷಯದಲ್ಲಿ ಯಾಕೆ ಒಪ್ಪಿಸಬೇಕು ಎಂಬುದನ್ನು ಯಾರೂ ವಿಚಾರ ಮಾಡಿಲ್ಲ ಎಂದೆ. ಇಂಥದ್ದನ್ನು ನೋಡುವ ಸಮಿತಿಯೊಂದು ಇರುತ್ತದೆ. ಅವರು ಒಪ್ಪಿ ವಿನಾಯಿತಿ ಕೊಟ್ಟರು. ರಿಕ್ಷಾದವನ ತಡೀಪಾರೂ ಅದೇ ದಿನಗಳಲ್ಲಿ ರದ್ದಾಯಿತು. ನಾನು ಖುಷಿಯಾಗಿದ್ದೆ. ಸುಳ್ಳು ಯಾಕೆ ಹೇಳಲಿ, ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು.

ವಿನಾಯಿತಿಯ ಕಾಗದ ಕೊಡಲು ಘಾಟ್ಕೋಪರಿಗೆ ಹೋದಾಗ ವೈನಿ ಬಾಗಿಲು ತೆಗೆದಳು. ಅದು ಸ್ವಲ್ಪ ದಿನ ಠಾಣೆಯಲ್ಲಿ ಇದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ನಾನು ಅವಳಿಗೆ ಕೈ ಕಾಲು ಆಡಿಸಿ ಒಂದು ಭಾಷಣ ಕೊಟ್ಟೆ. ಸರ್ಕಾರವನ್ನು ಮನಸ್ಸಿಗೆ ಬಂದಂತೆ ನಡೆಯಲು ಬಿಟ್ಟರೆ ನಾಳೆ ಯಾರ ಮನೆಗೂ ಬರುತ್ತಾರೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, ಊಟ ಮಾಡಿಯೇ ಹೋಗಬೇಕು ಎಂದಳು.

ನಮ್ಮ ಕಡೆ ಒಂದು ರೂಢಿ ಇದೆ. ಪೂಜೆಗೆ ಯಾವುದನ್ನೂ ಬರಿದಾಗಿ ಇಡುವುದಿಲ್ಲ. ತಂಬಿಗೆ ಇಟ್ಟರೆ ನೀರು ತುಂಬಿ ಇಡುತ್ತಾರೆ, ಮೊರ ಇಟ್ಟರೆ ಅಕ್ಕಿ ಹಾಕುತ್ತಾರೆ, ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಒಂದೊಂದು ಬೆಳ್ಳಿ ನಾಣ್ಯ, ಗಲ್ಲಾಪೆಟ್ಟಿಗೆಯಲ್ಲಿ ಒಂದು ನೋಟು. ಬರಿದಾದದ್ದನ್ನು ದೇವರ ಮುಂದೆ ಇಟ್ಟರೆ ವರ್ಷವಿಡೀ ಬರಿದೇ ಎಂಬ ಭಯ. ಅಣ್ಣ ದಿನವೂ ಗುಂಡು ತೆಗೆದು ಬೇರೆ ಡಬ್ಬಿಯಲ್ಲಿ ಇಡುತ್ತಿದ್ದ ಮನುಷ್ಯ. ಈ ವಿಷಯದಲ್ಲಿ ಅವನಷ್ಟು ಎಚ್ಚರದವನು ಇರಲಿಲ್ಲ. ನವಮಿಯ ದಿನ ಮಾತ್ರ ಅವನು ರಿವಾಲ್ವರನ್ನು ಒರೆಸಿ, ಗುಂಡು ತುಂಬಿ, ಮಣೆಯ ಮೇಲಿಟ್ಟು, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದ. ಪ್ರತಿ ವರ್ಷವೂ ಹಾಗೇ ಮಾಡುತ್ತಿದ್ದನಂತೆ. ಪೂಜೆಯ ದಿನ ನಾನೂ ಆ ಮಣೆಗೆ ನಮಸ್ಕಾರ ಮಾಡಿದ್ದೇನೆ. ಅದರೊಳಗೆ ಗುಂಡು ಇರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಇಟ್ಟ ಆಯುಧಗಳನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಮರುದಿನ, ದಶಮಿಯ ಬೆಳಿಗ್ಗೆ, ಆರತಿ ಮಾಡಿ ಮಣೆಯನ್ನು ಸ್ವಲ್ಪ ಕದಲಿಸಬೇಕು. ಆಮೇಲೆ ಒಂದೊಂದಾಗಿ ಎತ್ತುವುದು. ಅವತ್ತು ಅಣ್ಣ ಕೆಳಗೆ ಸ್ಕೂಟರಿಗೆ ಚೆಂಡುಹೂವಿನ ಮಾಲೆ ಕಟ್ಟಲು ಹೋಗಿದ್ದ. ವೈನಿ ಆರತಿ ಮುಗಿಸಿ ಮಣೆಯನ್ನು ತನ್ನ ಕಡೆಗೆ ಎಳೆದಳು. ಕೆಂಪು ವಸ್ತ್ರ ಜಾರಿತು. ರಿವಾಲ್ವರು ಹಿಮ್ಮುಖವಾಗಿ ಕಲ್ಲಿನ ನೆಲಕ್ಕೆ ಬಿತ್ತು. ಹಳೆಯ ಮಾದರಿಯದು, ಹಿಂದಿನ ಕುದುರೆಗೆ ಪೆಟ್ಟು ಬಿದ್ದರೆ ಗುಂಡು ಹಾರುತ್ತದೆ ಎಂದು ಆಮೇಲೆ ಪರೀಕ್ಷೆ ಮಾಡಿದವರು ಬರೆದರು.

ನಾನು ಬನ್ನಿ ಎಲೆಯ ಪೊಟ್ಟಣ ಹಿಡಿದುಕೊಂಡು ಲೋಕಲ್ ರೈಲಿನಲ್ಲಿ ಅವರ ಮನೆಗೇ ಹೊರಟಿದ್ದೆ. ಅಣ್ಣನ ಮಗಳ ಫೋನು ಬಂತು. ಅವಳಿಗೆ ಆಗ ಕಾಲೇಜಿನ ಕೊನೆಯ ವರ್ಷ. ಅವಳು ಹೇಳಿದ್ದು ಅರ್ಥವಾಗಲಿಲ್ಲ, ಹಿಂದೆ ಅಣ್ಣ ಕೂಗುತ್ತಿದ್ದದ್ದು ಮಾತ್ರ ಕೇಳಿಸಿತು. ನಾನು ಆಸ್ಪತ್ರೆ ಮುಟ್ಟುವಾಗ ವೈನಿಯ ಮೇಲೆ ಬಿಳಿ ಬಟ್ಟೆ ಎಳೆದಿದ್ದರು. ಅವಳ ಬೆರಳುಗಳಿಗೆ ಕುಂಕುಮ ಹತ್ತಿತ್ತು. ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಅಣ್ಣನ ಮೇಲೆ ಬಂತು, ದೇವರ ಮೇಲೆ ಬಂತು, ನನ್ನ ಚೀಲದಲ್ಲಿದ್ದ ಬನ್ನಿ ಎಲೆಯ ಮೇಲೂ ಬಂತು. ಅದನ್ನು ಆಸ್ಪತ್ರೆಯ ಕಸದ ಬುಟ್ಟಿಗೆ ಹಾಕಿದೆ.

ನಿರ್ಲಕ್ಷ್ಯದಿಂದ ಸಾವು ಎಂದು ಅಣ್ಣನ ಮೇಲೆ ಕೇಸಾಯಿತು. ಜಾಮೀನು ಸಿಕ್ಕಿತು. ರಿವಾಲ್ವರು ಸಾಕ್ಷ್ಯದ ಮುದ್ದೆಮಾಲಾಗಿ ಪೊಲೀಸರ ವಶಕ್ಕೆ ಹೋಯಿತು. ಸ್ವಲ್ಪ ದಿನಕ್ಕೆ ಅವನ ಪರವಾನಗಿಯೂ ರದ್ದಾಯಿತು. ಆದೇಶದಲ್ಲಿ ಇದ್ದದ್ದು ಒಂದೇ ಸಾಲು. ನೋಟಿಸು ಕೊಟ್ಟಿರಲಿಲ್ಲ, ಕರೆದು ಕೇಳಿರಲಿಲ್ಲ, ಕಾರಣ ಬರೆದಿರಲಿಲ್ಲ.

ಅಣ್ಣ ಅದನ್ನು ಹಿಡಿದುಕೊಂಡು ಮತ್ತೆ ನನ್ನ ಹತ್ತಿರ ಬಂದ. ಗಡ್ಡ ಬಿಟ್ಟಿದ್ದ, ಅರ್ಧಕ್ಕರ್ಧ ಇಳಿದಿದ್ದ. ಪರವಾನಗಿ ಉಳಿಯಬೇಕು, ಉಳಿದರೆ ಬೇರೆ ಕೊಳ್ಳುತ್ತೇನೆ ಎಂದಾಗ ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಇನ್ನೂ ಬೇಕಾ ನಿನಗೆ ಎಂದು ಕೇಳಿದೆ. ಅವನು ಆದೇಶದ ಕಾಗದವನ್ನು ಮಡಚಿ ನನ್ನ ಮೇಜಿನ ಮೇಲಿಟ್ಟ.

"ಅದನ್ನ ಬಿಟ್ಟುಕೊಟ್ನಂದ್ರ ನಾನ ಆಕೀನ ಕೊಂದೆ ಅಂತ ಒಪ್ಪಿಕೊಂಡಂಗ ಆಗತೈತಿ" ಎಂದ. "ಹಂಗ ಒಪ್ಪಿಕೊಂಡು ನಾ ಹೆಂಗ ಇರ್ಲಿ, ಹೇಳು."

ಅವನ ಭಯ ಈಗ ಹಫ್ತಾದವರದ್ದಾಗಿರಲಿಲ್ಲ. ಅದು ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ನಾನು ಅರ್ಜಿ ಬರೆದೆನೇ ಎಂದು ಕೇಳಿದರೆ, ಇಲ್ಲ. ಆದೇಶ ತಪ್ಪಾಗಿತ್ತು, ಅದಕ್ಕೆ ಬರೆದೆ. ಹೆಂಡತಿಯನ್ನು ಕಳೆದುಕೊಂಡವನಿಗೂ, ಕಳೆದುಕೊಳ್ಳಲು ತಾನೇ ಕಾರಣನಾದವನಿಗೂ, ಒಂದು ಸಲ ಕರೆದು ಕೇಳುವ ಮೊದಲು ಏನನ್ನೂ ಕಸಿದುಕೊಳ್ಳಬಾರದು. ಕೊಲೆ ಆರೋಪಿಗಳ ಪರವಾಗಿಯೂ ನಾನು ಇದನ್ನೇ ಕೇಳಿದ್ದೇನೆ. ಗೆಳತಿ ಈ ಸಲ ನಗಲಿಲ್ಲ. ನಿನ್ನ ವೈನಿ ಸತ್ತಿದ್ದಾಳೆ, ನೆನಪಿದೆಯಾ ಎಂದು ಕೇಳಿದಳು. ಹೆಂಗಸರನ್ನು ಕೊಂದ ಗಂಡಸರೆಲ್ಲ ಕೈ ತಪ್ಪಿ ಆಯಿತು ಎನ್ನುವುದನ್ನು ಇದೇ ಕೋಣೆಯಲ್ಲಿ ಕೂತು ನಾವಿಬ್ಬರೂ ಬಯ್ದಿದ್ದೇವೆ ಎಂದಳು. ನಾನು ಅರ್ಜಿಯ ಮುಂದಿನ ಹಾಳೆ ತೆಗೆದೆ. ಅಲ್ಲಿಂದ ಮುಂದೆ ನಮ್ಮ ನಡುವೆ ಫೈಲಿನ ಮಾತಷ್ಟೇ ಉಳಿಯಿತು.

ಮೇಲಿನ ಅಧಿಕಾರಿಗಳು ನನ್ನ ವಾದ ಒಪ್ಪಿದರು. ರದ್ದತಿ ಬಿದ್ದುಹೋಯಿತು. ಪರವಾನಗಿದಾರನನ್ನು ಕರೆದು ಕೇಳಿ, ಕಾರಣ ಕೊಟ್ಟು ಹೊಸದಾಗಿ ತೀರ್ಮಾನಿಸಿ ಎಂದು ಕೆಳಗೆ ಕಳಿಸಿದರು. ಹೀಗೆ ನಾನು ಎರಡನೇ ಸಲ ಗೆದ್ದೆ. ಈ ಸಲ ಯಾರೂ ಚಹಾ ತರಿಸಲಿಲ್ಲ.

ವಿಚಾರಣೆಯ ದಿನ ಅಣ್ಣನ ಮಗಳೂ ಬಂದಳು. ಅಪ್ಪನ ಜೊತೆಗೆ ಬಂದಿದ್ದಾಳೆ ಎಂದುಕೊಂಡೆ. ಅವಳು ಮನೆಯಲ್ಲಿ ತಾಯಿಯ ಜೊತೆ ಕನ್ನಡ, ಹೊರಗೆಲ್ಲ ಹಿಂದಿ. ತಾಯಿ ಹೋಗಿ, ಅಪ್ಪನೂ ಮಾತು ಬಿಟ್ಟ ಮೇಲೆ ಅವಳ ಕನ್ನಡಕ್ಕೆ ಜೊತೆ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ ಅಣ್ಣ ನೀರು ಕುಡಿಯಲು ಎದ್ದಾಗ ನನ್ನ ಕಡೆ ವಾಲಿ ಹೇಳಿದಳು.

"ಅತ್ತಿ, ನನಗೂ ಹೇಳೋದೈತಿ. ಪಪ್ಪಾದ್ದು ನೀವು ಹೇಳ್ತೀರಿ. ಮೇರಾ ಕೌನ್ ಬೋಲೇಗಾ?"

ತನ್ನ ಮಾತನ್ನು ಯಾರು ಹೇಳುತ್ತಾರೆ ಎಂದು ಕೇಳಿದವಳಿಗೆ, ನೀನು ಈ ಕೇಸಿನಲ್ಲಿ ಇಲ್ಲ ಪುಟ್ಟಾ ಎಂದೆ. ಕಾನೂನಿನ ಪ್ರಕಾರ ಅದು ಸರಿ. ಪರವಾನಗಿ ಅವನದು, ಕೊಡುವವರು ಅವರು. ನಡುವೆ ಮೂರನೆಯವರಿಗೆ ಜಾಗವಿಲ್ಲ. ಮನೆಯವರನ್ನು ಕೇಳಬೇಕು ಎಂಬ ನಿಯಮವನ್ನು ನಾನು ಎಲ್ಲೂ ಓದಿಲ್ಲ.

ಒಳಗೆ ನಾನು ನನ್ನ ವಾದ ಮಾಡಿದೆ. ಹಿಂದೆ ಒಂದೂ ತಪ್ಪಿಲ್ಲದ ಮನುಷ್ಯ, ಒಂದು ರೂಢಿಯಿಂದಾದ ಅನಾಹುತ, ಬೆದರಿಕೆ ಇನ್ನೂ ಇದೆ, ಇನ್ನು ಮುಂದೆ ಅಂಗಡಿಯ ತಿಜೋರಿಯಲ್ಲೇ ಇಡುತ್ತಾನೆ, ಮನೆಗೆ ತರುವುದಿಲ್ಲ ಎಂಬ ಮುಚ್ಚಳಿಕೆ ಕೊಡುತ್ತಾನೆ. ಅಧಿಕಾರಿ ತಾಳ್ಮೆಯಿಂದ ಬರೆದುಕೊಂಡರು. ನನ್ನ ವಾದ ಅವರಿಗೆ ಹಿಡಿಸುತ್ತಿದೆ ಎಂದು ಅವರ ಮುಖ ನೋಡಿಯೇ ಗೊತ್ತಾಯಿತು. ಇಷ್ಟು ವರ್ಷ ಮುಖ ಓದಿಯೇ ಬದುಕಿದ್ದೇನೆ. ಆಗ ಹಿಂದಿನ ಕುರ್ಚಿಯಿಂದ ಹುಡುಗಿ ಎದ್ದು ನಿಂತು, ತಾನು ಮಗಳು, ತನಗೆ ಮಾತಾಡಬೇಕು ಎಂದು ಹಿಂದಿಯಲ್ಲಿ ಹೇಳಿದಳು.

ಅಧಿಕಾರಿ ನನ್ನ ಕಡೆ ನೋಡಿದರು. ಇವಳು ಪಕ್ಷಗಾರಳಲ್ಲ, ಇವಳನ್ನು ಕೇಳಲು ನಿಮ್ಮ ಆಕ್ಷೇಪಣೆ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಆಕ್ಷೇಪಣೆ ಇತ್ತು. ಒಂದೇ ವಾಕ್ಯದ್ದು, ಯಾರೂ ಅಲ್ಲಗಳೆಯಲಾಗದ್ದು. ಯಾವ ಕಕ್ಷಿದಾರನ ಪರವಾಗಿ ನಿಂತಿದ್ದರೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಣ್ಣ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದ. ಬ್ಯಾಡ ಅನ್ನು ಎಂದು ಮೆಲ್ಲಗೆ ಹೇಳಿದ.

ಆ ರಿವಾಲ್ವರು ಮನೆಯಲ್ಲೇ ಉಳಿಯಲಿ ಎಂದು ನಾನು ಅರ್ಜಿ ಬರೆದಾಗ, ಯಾರ ಯಾರ ಹತ್ತಿರ ಸಹಿ ಮಾಡಿಸಿದ್ದೆ, ಯಾರ ಯಾರ ಮಾತು ಬರೆದಿದ್ದೆ ಎಂಬುದೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ವೈನಿಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳದೆ ತೀರ್ಮಾನಿಸಬಾರದು ಎಂದು ಇಷ್ಟು ವರ್ಷ ಎಲ್ಲರ ಮುಂದೆ ಕೂಗಿದ ಬಾಯಿ ನನ್ನದು.

"ಆಕ್ಷೇಪಣೆ ಇಲ್ಲ" ಎಂದೆ.

ಅವಳು ಅಪ್ಪನ ವಿರುದ್ಧ ಏನೂ ಹೇಳಲಿಲ್ಲ. ಅಪ್ಪ ಕೆಟ್ಟವರಲ್ಲ, ಅಮ್ಮನನ್ನು ಚೆನ್ನಾಗಿ ನೋಡಿಕೊಂಡರು ಎಂದಳು. ಅದು ಮನೆಗೆ ಬರುವಾಗ ಅಮ್ಮನನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಈಗ ನಾನು ಅದೇ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತೇನೆ, ಅದೇ ನೆಲ ಒರೆಸುತ್ತೇನೆ. ತಿಜೋರಿಯಲ್ಲಿ ಇಡುತ್ತೇನೆ ಎಂದು ಅಪ್ಪ ಹೇಳುವುದು ನಿಜವೇ ಇರಬಹುದು. ಆದರೆ ಅಪ್ಪ ಈಗ ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ, ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಅವರ ಕೈಗೆ ಅದು ಸಿಗಬಾರದು, ನನಗೆ ಉಳಿದಿರುವುದು ಅವರೊಬ್ಬರೇ ಎಂದಳು. ಅಲ್ಲಿಗೆ ಮಾತು ನಿಲ್ಲಿಸಿ ಕೂತಳು. ಅವಳು ಏನು ಹೇಳುತ್ತಿದ್ದಾಳೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಅಣ್ಣ ನನ್ನ ಮಣಿಕಟ್ಟು ಬಿಟ್ಟ.

ಹೊರಗೆ ಬಂದ ಮೇಲೆ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಕಳ್ಳರಿಗೆ, ಕೊಲೆಗಡುಕರಿಗೆ ನೀ ನಿಷ್ಠೆಲೆ ನಿಂತಿ" ಎಂದ. "ನನಗ ನಿಲ್ಲಲಿಲ್ಲ."

ಮಗಳ ಕೈ ಹಿಡಿಯಲು ಹೋದ. ಅವಳು ಕೈ ಕೊಟ್ಟಳು. ಇಬ್ಬರೂ ಸ್ಟೇಷನ್ನಿನ ಕಡೆ ನಡೆದುಹೋದರು. ನನ್ನನ್ನು ಬಾ ಎನ್ನಲಿಲ್ಲ.

ಪರವಾನಗಿ ಮತ್ತೆ ರದ್ದಾಯಿತು. ಈ ಸಲ ಪುಟಗಟ್ಟಲೆ ಕಾರಣ ಕೊಟ್ಟಿದ್ದರು. ಮಗಳ ಮಾತನ್ನು ಪೂರ್ತಿ ಬರೆದು, ಪರವಾನಗಿದಾರನ ವಕೀಲರು ಇದಕ್ಕೆ ಆಕ್ಷೇಪಿಸಲಿಲ್ಲ ಎಂದೂ ಸೇರಿಸಿದ್ದರು. ಸಾಲಿನಿಂದ ಸಾಲಿಗೆ ನಾನು ಕೇಳಿದಂಥದ್ದೇ ಆದೇಶ.

ಅಣ್ಣ ಬೇರೆ ವಕೀಲರನ್ನು ಹಿಡಿದ. ನಾನು ವಕಾಲತ್ತು ಬಿಟ್ಟುಕೊಟ್ಟು ಕಡತ ಕಳಿಸಿದೆ. ಮೇಲ್ಮನವಿ ಹಾಕಿದ್ದಾರೆ ಎಂದು ತಿಳಿದು ಅದರ ಒಂದು ಪ್ರತಿ ತರಿಸಿ ಓದಿದೆ. ಮೊದಲನೆಯ ಕಾರಣವಾಗಿ ಹೀಗೆ ಬರೆದಿದ್ದಾರೆ: ತನ್ನ ವಕೀಲರು ಕೊನೆಯವರೆಗೂ ತನ್ನ ಪರವಾಗಿಯೇ ನಿಲ್ಲಬೇಕು ಎಂಬುದು ಪ್ರತಿಯೊಬ್ಬನ ಹಕ್ಕು, ಈ ಮನುಷ್ಯನಿಗೆ ಅದು ಸಿಗಲಿಲ್ಲ, ಅವನ ವಕೀಲೆ ಅವನ ತಂಗಿ, ಸತ್ತವಳ ನಾದಿನಿ, ಅವಳ ಮನಸ್ಸು ಬೇರೆ ಕಡೆ ಇತ್ತು, ಹೇಳಲೇಬೇಕಾದ ಆಕ್ಷೇಪಣೆಯನ್ನು ಅವಳು ಬೇಕೆಂದೇ ಹೇಳಲಿಲ್ಲ, ಆದ್ದರಿಂದ ಇಡೀ ವಿಚಾರಣೆ ರದ್ದಾಗಬೇಕು.

ನಾನು ಅದನ್ನು ಪೆನ್ನು ಹಿಡಿದು, ತಪ್ಪು ಹುಡುಕುತ್ತ ಓದಿದೆ. ತಪ್ಪು ಸಿಗಲಿಲ್ಲ. ಬೇರೆ ಯಾರ ತಂಗಿಯೇ ಹೀಗೆ ಮಾಡಿದ್ದರೂ ಆ ಅಣ್ಣನ ಪರವಾಗಿ ನಾನು ಅದೇ ಮಾತುಗಳನ್ನು ಬರೆಯುತ್ತಿದ್ದೆ, ಇನ್ನೂ ಸಿಟ್ಟಿನಿಂದ ಬರೆಯುತ್ತಿದ್ದೆ. ವಾದ ಬಲವಾಗಿದೆ. ಅಣ್ಣ ಗೆಲ್ಲಬಹುದು.